ಒಂದು ಹಿನ್ ನೀರು

ಜನವರಿ 12, ಸೋಮವಾರ
ತೂಕ 61.4 ಕಿಲೋ. ಕೊಟ್ಟ ನೀರು 900 ಮಿ.ಲೀ.

ಹೊಸ ಪುಸ್ತಕ ತೆರೆದಾಗ ಮೊದಲ ಪುಟದಲ್ಲಿ ವಸ್ತುಸ್ಥಿತಿ ಬರೆದಿಡಬೇಕು ಎಂಬುದು ತೂಕ ಮತ್ತು ಅಳತೆ ಇಲಾಖೆಯಲ್ಲಿ ನಾನು ಮೂವತ್ತೊಂದು ವರ್ಷ ಪಾಲಿಸಿದ ನಿಯಮ. ನಿವೃತ್ತಿಯಾದರೂ ಕೈ ಬಿಟ್ಟಿಲ್ಲ. ನಮ್ಮ ಯಜಮಾನರ ಎರಡೂ ಕಿಡ್ನಿಗಳು ಕೈಕೊಟ್ಟು ಎಂಟು ತಿಂಗಳಾಯಿತು. ಮಂಗಳವಾರ, ಗುರುವಾರ, ಶನಿವಾರ ಆಸ್ಪತ್ರೆಯ ಮೆಷಿನ್ನಿನಲ್ಲಿ ನಾಲ್ಕು ಗಂಟೆ ರಕ್ತ ತೊಳೆಸಿಕೊಂಡು ಬರುತ್ತಾರೆ. ಕುಡಿದ ನೀರಿಗೆ ಹೊರಗೆ ಹೋಗುವ ದಾರಿ ಇಲ್ಲ. ಹೆಚ್ಚಾದರೆ ಎದೆಯಲ್ಲಿ ನಿಲ್ಲುತ್ತದೆ. ಆದ್ದರಿಂದ ದಿನಕ್ಕೆ 900 ಮಿ.ಲೀ., ಅಂದರೆ ಮೂರು ಲೋಟ. ತೆಳ್ಳನೆಯ ಸ್ಟೀಲ್ ಲೋಟದ ಒಳಮೈಯಲ್ಲಿ 300ಕ್ಕೆ ಸರಿಯಾಗಿ ನಾನೇ ಮೊಳೆಯಿಂದ ಗೆರೆ ಕೊರೆದಿದ್ದೇನೆ. ಮೊದಮೊದಲು ಅಳತೆಯ ಗಾಜಿನ ಕೊಳವೆಯಲ್ಲೇ ಕೊಡುತ್ತಿದ್ದೆ. "ಔಷಧಿ ಕುಡಿದ ಹಾಗಾಗುತ್ತೆ ಕಣೇ, ಲೋಟದಲ್ಲಿ ಕೊಡು" ಎಂದರು.

ಅಗ್ನಿಶಾಮಕ ದಳದಲ್ಲಿ ಪಂಪ್ ನಡೆಸುತ್ತಿದ್ದ ಮನುಷ್ಯ. ಟ್ಯಾಂಕರ್‌ಗಟ್ಟಲೆ ನೀರನ್ನು ಮೂರನೇ ಮಹಡಿಗೆ ಹಾರಿಸಿದವರಿಗೆ ಈಗ ಲೋಟದ ಲೆಕ್ಕ.

ಇವತ್ತು ಒಂದು ಸಣ್ಣ ಪ್ರಕಾಶನದ ಸಂಪಾದಕರು ಬಂದಿದ್ದರು. ಬಹಳ ಹಳೆಯ ಹೀಬ್ರೂ ಬರಹಗಳ ಅನುವಾದ ಅಚ್ಚಾಗುತ್ತಿದೆಯಂತೆ. ಅದರ ತುಂಬ ಲೋಗ್, ಹಿನ್, ಬತ್ ಎಂಬ ಅಳತೆಗಳು. ಅವು ಇವತ್ತಿನ ಲೀಟರಿನಲ್ಲಿ ಎಷ್ಟು ಎಂದು ಹೇಳುವ ಪಟ್ಟಿ ಕೊನೆಯಲ್ಲಿ ಬೇಕು. ನನ್ನನ್ನೇ ಯಾಕೆ ಹುಡುಕಿಕೊಂಡು ಬಂದಿರಿ ಎಂದೆ.

"ನಮ್ಮಪ್ಪನ ಹಾಲಿನಂಗಡಿ ಲೀಟರ್ ಜಪ್ತಿ ಮಾಡಿದೋರು ನೀವೇ ಮೇಡಂ" ಎಂದು ನಕ್ಕರು. "ಅಪ್ಪ ತಳಾನ ಒಳಕ್ಕೆ ಗುದ್ದಿಸಿ ಇಟ್ಟಿದ್ರು. ನೀವು ಬಂದ್ರಿ, ಒಂದು ಮಾತೂ ಆಡ್ಲಿಲ್ಲ, ಲೀಟರ್ ಎತ್ತಿ ತಳದ ಮೇಲೆ ಹೆಬ್ಬೆರಳು ಆಡಿಸಿದ್ರಿ. ಅಷ್ಟೇ. ಅಂಥವರ ಕೈಯಿಂದಾನೇ ಈ ಪಟ್ಟಿ ಆಗ್ಬೇಕು."

ಒಳಗಿನಿಂದ ಇವರ ದನಿ ಬಂತು. "ಒಪ್ಕೊಳ್ಳೇ ಇನ್ಸ್‌ಪೆಕ್ಟ್ರಮ್ಮ. ಮೂರು ಸಾವಿರ ವರ್ಷದ ಹಿಂದಿನ ಅಂಗಡಿಗಳಿಗೂ ಒಂದು ರೇಡ್ ಹೋಗಿ ಬಾ."

ಒಪ್ಪಿಕೊಂಡೆ.

ಜನವರಿ 20, ಮಂಗಳವಾರ
ಮೆಷಿನ್ನಿಗೆ ಮುಂಚೆ 62.9, ಆಮೇಲೆ 61.2. ನೀರು 900 ಮಿ.ಲೀ.

ಇವರು ಮೆಷಿನ್ನಿನಲ್ಲಿದ್ದಾಗ ಹೊರಗಿನ ಬೆಂಚಿನಲ್ಲಿ ಕುಳಿತು ಓದಿದೆ. ಆ ಜನರ ಗುಣಾಕಾರ ಅಚ್ಚುಕಟ್ಟಾಗಿದೆ. ಹನ್ನೆರಡು ಲೋಗ್ ಸೇರಿದರೆ ಒಂದು ಹಿನ್, ಆರು ಹಿನ್ ಸೇರಿದರೆ ಒಂದು ಬತ್. ಇದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಒಂದು ಬತ್ ಅಂದರೆ ಎಷ್ಟು ಎಂಬುದರಲ್ಲಿ. ಅದರ ಹೆಸರು ಬರೆದ ಕೊಡಗಳು ಮಣ್ಣಿನಡಿ ಸಿಕ್ಕಿವೆ, ಆದರೆ ಒಡೆದ ಚೂರುಗಳು. ಚೂರು ಜೋಡಿಸಿ ಊಹಿಸಿದವರು 22 ಲೀಟರ್ ಎನ್ನುತ್ತಾರೆ, ಹಳೆಯ ಲೇಖಕರ ಮಾತು ನಂಬಿದವರು 39ರ ಹತ್ತಿರ ಹೋಗುತ್ತಾರೆ. ಎಲ್ಲರೂ 'ಸುಮಾರು' ಎಂಬ ಪದದ ಹಿಂದೆ ಅವಿತುಕೊಂಡಿದ್ದಾರೆ. ನನ್ನ ಸರ್ವೀಸಿನಲ್ಲಿ ಆ ಪದ ಆಡಿದ ಅಂಗಡಿಯವರನ್ನೆಲ್ಲ ನಾನು ಮೊದಲು ಅನುಮಾನಿಸುತ್ತಿದ್ದೆ.

ಚೂರುಗಳ ಪಕ್ಷ ಹಿಡಿದು ಒಂದು ಲೋಗ್‌ಗೆ 0.305 ಲೀಟರ್ ಎಂದು ನಿಗದಿ ಮಾಡಿದ್ದೇನೆ. ಹಿನ್ 3.660. ಬತ್ 21.960. ಮೂರು ದಶಮಾಂಶಕ್ಕಿಂತ ಕಡಿಮೆ ಬರೆಯುವುದಿಲ್ಲ.

ಇವರಿಗೆ ಹೇಳಿದೆ, ನಿಮ್ಮ ಲೋಟಕ್ಕೂ ಒಂದು ಲೋಗ್‌ಗೂ ಐದೇ ಮಿ.ಲೀ. ವ್ಯತ್ಯಾಸ ಎಂದು. ಆಗಿನಿಂದ ನೀರು ಎನ್ನುವುದನ್ನೇ ಬಿಟ್ಟಿದ್ದಾರೆ. "ಇನ್ಸ್‌ಪೆಕ್ಟ್ರಮ್ಮ, ಸಂಜೆ ಲೋಗ್ ಎಷ್ಟೊತ್ತಿಗೆ?"

ಫೆಬ್ರವರಿ 3, ಮಂಗಳವಾರ
ನೀರು 900 ಮಿ.ಲೀ.

ಆಸ್ಪತ್ರೆಯಿಂದ ಬರುವಾಗಲೇ ತುಟಿ ಒಡೆದಿತ್ತು. ಬಂದವರೇ ಎರಡನೇ ಲೋಟ ಮುಗಿಸಿ ಮೂರನೆಯದನ್ನೂ ಕೇಳಿದರು. ಗಂಟೆ ಎರಡೂ ಆಗಿರಲಿಲ್ಲ. ಈಗಲೇ ಕುಡಿದರೆ ರಾತ್ರಿಗೆ ಏನು ಮಾಡುತ್ತೀರಿ ಎಂದೆ.

"ರಾತ್ರಿ ಬರ್ಲಿ, ಆಮೇಲೆ ನೋಡೋಣ."

"ಆಗಲ್ಲ ರೀ."

"ನನ್ನ ಬಾಯಿ ಕಣೇ ಇದು! ನಿನ್ನ ಅಂಗಡಿ ಅಲ್ಲ!" ಎಂದು ಖಾಲಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. ನನ್ನ ಹೀಬ್ರೂ ಕಾಗದಗಳು ಹಾರದಿರಲಿ ಎಂದು ಇಟ್ಟಿದ್ದ ಹಿತ್ತಾಳೆಯ ತೂಕದ ಬಟ್ಟಿನ ಮೇಲೆ ಅದು ಬಿತ್ತು. ಬಟ್ಟು ಉರುಳಿ ನೆಲಕ್ಕೆ ಹೋಯಿತು. ನಿವೃತ್ತಿಯ ದಿನ ಇಲಾಖೆಯವರು ಪೆಟ್ಟಿಗೆ ಸಮೇತ ಕೊಟ್ಟದ್ದು. ಎತ್ತಿ ಬೆಳಕಿಗೆ ಹಿಡಿದು ನೋಡಿದೆ, ಗೀರು ಬಿದ್ದಿಲ್ಲ. ತೂಗಿಯೂ ನೋಡಿದೆ, ಸರಿಯಿದೆ.

ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಇವರು ನನ್ನ ಮೇಲೆ ದನಿ ಎತ್ತಿದ್ದು ಇದು ಎರಡನೇ ಸಲ. ಸಂಜೆ ತಾವೇ ಲೋಟ ತೊಳೆದು ತಂದು ಕೊಟ್ಟರು. ಲೋಟ ತೊಳೆಯುವುದು ಮೊದಲಿನಿಂದಲೂ ಅವರದೇ ಕೆಲಸ, ನನ್ನನ್ನು ಮುಟ್ಟಗೊಡುವುದಿಲ್ಲ. ನಲ್ಲಿಯ ಕೆಳಗೆ ಕೈ ಹಿಡಿದುಕೊಂಡು ಬಹಳ ಹೊತ್ತು ನಿಲ್ಲುತ್ತಾರೆ. ನೀರು ದಂಡ ಎಂದು ಒಮ್ಮೆ ಗದರಿದ್ದೆ. "ಮುಟ್ಟೋದಕ್ಕೂ ಪರ್ಮಿಶನ್ ಬೇಕಾ?" ಎಂದಿದ್ದರು.

ಫೆಬ್ರವರಿ 6, ಶುಕ್ರವಾರ
ತೂಕ 61.3. ನೀರು 900 ಮಿ.ಲೀ.

"ಯಾಕೋ ಈ ಲೋಟ ಸ್ವಲ್ಪ ಕಮ್ಮಿ ಹಿಡಿತಿದೆ ಅನ್ಸುತ್ತೆ" ಎಂದರು ಬೆಳಗ್ಗೆ.

ನನಗೆ ರೇಗಿಹೋಯಿತು. "ಮೂವತ್ತೊಂದು ವರ್ಷ ಇದೇ ಮಾತು ಕೇಳಿದೀನಿ. ಗೆರೆ ಕೊರೆದೋಳು ನಾನು. ನೀವು ಬಂದು ನೋಡಿ, ನೀರು ಗೆರೆ ಮುಟ್ಟಿದೆಯೋ ಇಲ್ವೋ?"

ನೋಡಿದರು. "ಮುಟ್ಟಿದೆ" ಎಂದರು. ಮತ್ತೆ ಆ ಮಾತು ತೆಗೆಯಲಿಲ್ಲ.

ಮಾರ್ಚ್ 15, ಭಾನುವಾರ
ತೂಕ 61.0. ನೀರು 760 ಮಿ.ಲೀ. + ಕಲ್ಲಂಗಡಿ 140 ಗ್ರಾಂ

ನಾದಿನಿ ಬಂದಿದ್ದಳು. ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅಣ್ಣನಿಗೆ ಕಲ್ಲಂಗಡಿ ತಿನ್ನಿಸಿದ್ದಾಳೆ. ಸಿಪ್ಪೆಯನ್ನೂ ಉಳಿದ ಹೋಳನ್ನೂ ತೂಗಿ ನೋಡಿದೆ. 140 ಗ್ರಾಂ ಹೊಟ್ಟೆಗೆ ಹೋಗಿದೆ. ಸಂಜೆಯ ಲೋಟದಲ್ಲಿ ಅಷ್ಟನ್ನು ಹಿಡಿದುಕೊಂಡೆ.

"ಅತ್ತಿಗೆ, ಅವನೇನು ಸೀಮೆಎಣ್ಣೆ ಡಬ್ಬನಾ?" ಎಂದಳು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ. ಕಣ್ಣಲ್ಲಿ ನೀರಿತ್ತು. ನಿನ್ನೆಯಷ್ಟೇ ಡಾಕ್ಟರ್ ನನ್ನ ಬೆನ್ನು ತಟ್ಟಿದ್ದರು. ಎರಡು ಮೆಷಿನ್ ದಿನಗಳ ನಡುವೆ ಇಷ್ಟು ಕಡಿಮೆ ತೂಕ ಏರುವ ರೋಗಿ ಅವರ ಬಳಿ ಇನ್ನೊಬ್ಬರಿಲ್ಲವಂತೆ. "ನಿಮ್ಮ ಮನೆ ಶಿಸ್ತು ಎಲ್ಲರಿಗೂ ಪಾಠ ಆಗ್ಬೇಕು ಅಮ್ಮಾ" ಎಂದರು. ನಾದಿನಿಗೆ ಇದು ಗೊತ್ತಿಲ್ಲ.

ಮಾರ್ಚ್ 29, ಭಾನುವಾರ
ತೂಕ 60.8. ನೀರು 900 ಮಿ.ಲೀ.

ಸಂಪಾದಕರು ಹೊಸ ತಲೆನೋವು ಕಳಿಸಿದ್ದಾರೆ. ಆ ಜನರಿಗೆ ವರ್ಷಕ್ಕೊಮ್ಮೆ ಕಟ್ಟುನಿಟ್ಟಿನ ಉಪವಾಸ. ಆ ದಿನ ಎಷ್ಟು ಕುಡಿದರೆ ಉಪವಾಸ ಮುರಿದಂತೆ ಎಂಬುದಕ್ಕೆ ಅವರ ಹಿರಿಯರು ಇಟ್ಟ ಅಳತೆ, ಒಂದು ಕೆನ್ನೆ ತುಂಬುವಷ್ಟು. ಯಾರ ಕೆನ್ನೆ? ಕುಡಿದವರ ಕೆನ್ನೆ. ದೊಡ್ಡ ಬಾಯಿಯವರಿಗೆ ದೊಡ್ಡ ಅಳತೆ, ಸಣ್ಣ ಬಾಯಿಯವರಿಗೆ ಸಣ್ಣದು. ಇದನ್ನು ಲೀಟರಿಗೆ ತರುವುದು ಹೇಗೆ? ಮನುಷ್ಯರಿಂದ ಮನುಷ್ಯರಿಗೆ ಬದಲಾಗುವುದನ್ನು ಅಳತೆ ಎನ್ನುವುದಾದರೂ ಹೇಗೆ?

ಇವರಿಗೆ ಖುಷಿಯೋ ಖುಷಿ. "ನನ್ನ ಕೆನ್ನೆ ಅಳೆ. ನುಂಗಲ್ಲ, ಆಣೆ." ಒಂದು ಕೆನ್ನೆ ತುಂಬ ನೀರು ಹಿಡಿದು ಗಾಜಿನ ಕೊಳವೆಗೆ ಉಗುಳಿದರು. ಮೂರು ಸಲ ಅಳೆದೆ. 52, 51, 52. ಮೂರನೆಯ ಸಲ ಕೆನ್ನೆ ಊದಿಸಿಕೊಂಡು ನನ್ನನ್ನೇ ನೋಡುತ್ತಾ, ನಗು ತಡೆಯಲಾರದೆ, ಉಗುಳಲು ಮನಸ್ಸಾಗದೆ ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು. ಆಮೇಲೆ ಉಗುಳಿದರು, ಪೂರ್ತಿ. ನಾನು 52 ಎಂದು ಬರೆದುಕೊಂಡೆ.

ಮೇ 1, ಶುಕ್ರವಾರ

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಒಂದು ಲೋಗ್ ಎಂದರೆ ಆರು ಕೋಳಿಮೊಟ್ಟೆಯಷ್ಟು ಎಂದು ಆ ಹಿರಿಯರು ಹೇಳಿದ್ದಾರೆ. ಪರೀಕ್ಷೆ ಮಾಡೋಣವೆಂದು ಮಧ್ಯಾಹ್ನ ಪಾತ್ರೆಯಲ್ಲಿ ಅಂಚಿನವರೆಗೆ ನೀರು ತುಂಬಿ, ಆರು ಮೊಟ್ಟೆ ಒಂದೊಂದಾಗಿ ಇಳಿಸಿ, ಹೊರಚೆಲ್ಲಿದ ನೀರನ್ನು ತಟ್ಟೆಯಲ್ಲಿ ಹಿಡಿದೆ. ಗಾಜಿನ ಕೊಳವೆ ಅಟ್ಟದ ಮೇಲಿತ್ತು. ಇವರ ಲೋಟ ಕೈಗೆ ಸಿಕ್ಕಿತು. ಅದಕ್ಕೆ ಹೊಯ್ದರೆ ನೀರು ಸರಿಯಾಗಿ ಗೆರೆಗೆ ಬಂದು ನಿಂತಿತು. ಮುನ್ನೂರು! ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ದಾಖಲೆಗೆ ಇರಲಿ ಎಂದು ನೀರನ್ನು ತಕ್ಕಡಿಗೆ ಹಾಕಿದೆ.

286 ಗ್ರಾಂ.

ತಕ್ಕಡಿ ಕೆಟ್ಟಿದೆ ಎಂದುಕೊಂಡೆ. ಹಿತ್ತಾಳೆಯ ಬಟ್ಟುಗಳನ್ನಿಟ್ಟು ನೋಡಿದೆ, ತಕ್ಕಡಿ ಸರಿಯಿದೆ. ಮತ್ತೆ ಗೆರೆಯವರೆಗೆ ತುಂಬಿ ತೂಗಿದೆ, 286. ಇನ್ನೊಮ್ಮೆ, 286. ಆಗ ಲೋಟವನ್ನು ಬೋರಲು ಹಾಕಿ ಹೆಬ್ಬೆರಳು ಆಡಿಸಿದೆ.

ತಳ ಒಳಗೆ ಹೋಗಿದೆ. ಅವತ್ತು ನನ್ನ ಬಟ್ಟಿನ ಮೇಲೆ ಕುಕ್ಕಿದ್ದರಲ್ಲ, ಅದರ ತಲೆಯ ಗುಂಡಿನಷ್ಟೇ ಅಗಲದ ಕುಳಿ, ಸುತ್ತ ಇಡೀ ತಳ ಮೇಲಕ್ಕೆ ಉಬ್ಬಿದೆ. ಅವತ್ತು ನಾನು ಬಟ್ಟು ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಲೋಟ ನೋಡಲಿಲ್ಲ. ಆಮೇಲೂ ಪ್ರತಿದಿನ ಮೂರು ಸಲ ಕಣ್ಣು ಕಿರಿದು ಮಾಡಿ ಗೆರೆಯನ್ನೇ ನೋಡಿದೆ.

ಫೆಬ್ರವರಿ 3ರ ಮೂರನೇ ಲೋಟದಿಂದ ಇವತ್ತಿನ ಎರಡನೆಯದರವರೆಗೆ ಸರಿಯಾಗಿ 87 ದಿನದ ಲೆಕ್ಕ. ಲೋಟಕ್ಕೆ 14 ಮಿ.ಲೀ., ದಿನಕ್ಕೆ 42. ಒಟ್ಟು 3654 ಮಿ.ಲೀ. ನನ್ನದೇ ಪಟ್ಟಿಯ ಪ್ರಕಾರ ಒಂದು ಹಿನ್‌ಗೆ ಆರೇ ಮಿ.ಲೀ. ಕಡಿಮೆ.

ಗಂಡನ ಬಾಯಿಯಿಂದ ಒಂದು ಹಿನ್ ನೀರು ಕಸಿದಿದ್ದೇನೆ. ಅದೂ ಬೆನ್ನು ತಟ್ಟಿಸಿಕೊಂಡು.

ಮೇ 2, ಶನಿವಾರ
ಮೆಷಿನ್ನಿಗೆ ಮುಂಚೆ 61.7, ಆಮೇಲೆ 60.3. ನೀರು 900 ಮಿ.ಲೀ., ಕೊಳವೆಯಲ್ಲಿ ಅಳೆದು.

ಡಾಕ್ಟರಿಗೆ ಎಲ್ಲ ಹೇಳಿದೆ. ನಷ್ಟವಾದದ್ದನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಕೊಡಲೇ ಎಂದು ಕೇಳಿದೆ.

"ಅಯ್ಯೋ, ಬೇಡ. ಅವರಿಗೇನೂ ತೊಂದರೆ ಆಗಿಲ್ಲ ಅಮ್ಮಾ. ಒಳ್ಳೇದೇ ಆಗಿದೆ ಅಂದ್ಕೊಳ್ಳಿ."

ತೊಂದರೆ ಆಗಿಲ್ಲ ಎನ್ನುವುದು ಕಡಿಮೆ ಅಳೆದವರೆಲ್ಲ ನನ್ನ ಮುಂದೆ ಆಡುತ್ತಿದ್ದ ಮಾತು. ಬಾಯಾರಿಕೆಯನ್ನು ಯಾವ ಕಾಲಂನಲ್ಲಿ ಬರೆಯುತ್ತಾರೆ ಇವರು?

ಮನೆಗೆ ಬಂದು ಇವರ ಎದುರು ಲೋಟ ಬೋರಲು ಹಾಕಿದೆ. ಸೆರಗಿನಿಂದ ಕಣ್ಣೊರೆಸಿಕೊಂಡೆ. ಇವರು ಲೋಟ ನೋಡಲೂ ಇಲ್ಲ.

"ಗೊತ್ತು" ಎಂದರು.

"ಯಾವಾಗಿಂದ?"

"ತೊಳೆಯೋನು ನಾನಲ್ವೇನೇ? ಮಾರನೇ ದಿನಾನೇ ಬೆರಳಿಗೆ ಸಿಕ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದೆನಲ್ಲ ಒಂದ್ಸಲ. ಎರಡನೇ ಸಲ ಹೇಳಿದ್ರೆ ನೀನು ನಂಬಿಬಿಡ್ತಿದ್ದೆ. ನಂಬಿದ ಮೇಲೆ ಹೀಗೆ ಅಳ್ತಾ ಕೂರ್ತಿದ್ದೆ." ಆಮೇಲೆ ಕೇಳಿದರು, "ಒಟ್ಟು ಎಷ್ಟಾಯ್ತು?"

"ಒಂದು ಹಿನ್."

"ಪರವಾಗಿಲ್ಲ. ಕೊನೆಗೆ ಒಟ್ಟಿಗೇ ಕೊಡು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಲೋಟ ಬಿಸಾಡಲು ಹೋದೆ, ಕಿತ್ತುಕೊಂಡು ತಮ್ಮ ದಿಂಬಿನ ಪಕ್ಕ ಇಟ್ಟುಕೊಂಡರು.

ಮೇ 19, ಮಂಗಳವಾರ
ನೀರು 900ರ ಹತ್ತಿರ.

ಮೆಷಿನ್ ಶುರುವಾಗಿ ಒಂದು ಗಂಟೆಗೆ ರಕ್ತದೊತ್ತಡ ಪಾತಾಳಕ್ಕೆ ಹೋಯಿತು. ಅರ್ಧಕ್ಕೇ ನಿಲ್ಲಿಸಿದರು. ಇದು ಮೂರನೇ ಸಲ. ಹೃದಯ ಸೋತಿದೆಯಂತೆ. ನರ್ಸ್ ಹಾಳೆ ತಂದು ಇವತ್ತಿನ ನೀರಿನ ಲೆಕ್ಕ ಕೇಳಿದಳು. ಹೇಳಲು ಹೊರಟೆ, ಬೆಳಗಿನದು ಎಷ್ಟು ಕೊಟ್ಟೆ ಎಂದು ತಕ್ಷಣ ನೆನಪಾಗಲಿಲ್ಲ.

ಜೂನ್ 11, ಗುರುವಾರ

ಇವರು ಇನ್ನು ಮೆಷಿನ್ನಿಗೆ ಹೋಗುವುದಿಲ್ಲ ಎಂದು ಡಾಕ್ಟರಿಗೆ ತಾವೇ ಹೇಳಿದರು. ನನ್ನನ್ನು ಕೇಳಿ ಹೇಳಲಿಲ್ಲ. ಕಾರಿಡಾರಿನಲ್ಲಿ ಜಗಳವಾಡಿದೆ. ಹೋದರೆ ಇನ್ನಾರು ತಿಂಗಳು, ಹೋಗದಿದ್ದರೆ ವಾರವೋ ಹತ್ತು ದಿನವೋ, ಯಾವುದು ಹೆಚ್ಚು ಎಂದು ಕೇಳಿದೆ. ಇಷ್ಟು ಸುಲಭದ ಲೆಕ್ಕ ಯಾಕೆ ಅರ್ಥವಾಗುವುದಿಲ್ಲ ಎಂದೆ.

"ಆರು ತಿಂಗಳು ಅಂತ ಯಾರು ಅಳೆದ್ರು? ಮೆಷಿನ್ ಮೇಲೇ ಹೋಗಿಬಿಟ್ರೆ?" ಎಂದರು. "ಮನೇಲಿರ್ತೀನಿ ಕಣೇ. ಸುಸ್ತಾಗಿದೆ."

ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. ನೋವಿಗೆ, ಉಬ್ಬಸಕ್ಕೆ ಮದ್ದು ಬರೆದುಕೊಟ್ಟರು. "ಇನ್ನು ಅಳತೆ ಬಿಟ್ಟುಬಿಡಿ ಅಮ್ಮಾ. ಕೇಳಿದಾಗ ಕೊಡಿ, ಕೇಳಿದಷ್ಟು ಕೊಡಿ."

ಮೂವತ್ತೊಂದು ವರ್ಷದಲ್ಲಿ ನನಗೆ ಯಾರೂ ಈ ಆದೇಶ ಕೊಟ್ಟಿರಲಿಲ್ಲ. ಬಸ್ಸಿನಲ್ಲಿ ಇವರ ಕೈ ಹಿಡಿದುಕೊಂಡು ಬಂದೆ.

ಜೂನ್ 13, ಶನಿವಾರ

ಎಷ್ಟು ಬೇಕಾದರೂ ಕುಡಿಯಬಹುದು ಎಂದೆ. ತಂಬಿಗೆ ತುಂಬ ತಂದಿಟ್ಟೆ. ಎರಡು ಗುಟುಕು ಕುಡಿದು ಪಕ್ಕಕ್ಕಿಟ್ಟರು. ಒಂದು ವರ್ಷ ನೀರಿಗಾಗಿ ಬಾಯಿಬಿಟ್ಟವರಿಗೆ ಈಗ ಬೇಡವಾಗಿದೆ. ಹೊಟ್ಟೆ ಒಪ್ಪುತ್ತಿಲ್ಲವಂತೆ. ನಾನು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

ಜೂನ್ 16, ಮಂಗಳವಾರ

ನಾದಿನಿ ಎರಡು ದಿನದಿಂದ ಇಲ್ಲೇ ಇದ್ದಾಳೆ. ಮಧ್ಯಾಹ್ನ ಅವಳು ಮಲಗಿದ್ದಾಗ ಅಟ್ಟದಿಂದ ಗಾಜಿನ ಕೊಳವೆ ತೆಗೆದೆ. ಅಗಲದ ಸ್ಟೀಲ್ ಬೋಗುಣಿಗೆ 3654 ಮಿ.ಲೀ. ಅಳೆದು ಹೊಯ್ದೆ. ಕೊನೆಯ ನಾಲ್ಕನ್ನು ಹನಿಹನಿಯಾಗಿ. ಬೋಗುಣಿ ಅಂಚಿನವರೆಗೆ ತುಂಬಿತು. ಚೆಲ್ಲದ ಹಾಗೆ ಹೊತ್ತು ತಂದು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟೆ.

"ಏನೇ ಇದು?"

"ಒಂದು ಹಿನ್. ಒಟ್ಟಿಗೇ ಕೊಡು ಅಂದಿದ್ರಲ್ಲ."

ಬಹಳ ಹೊತ್ತು ನೀರನ್ನೇ ನೋಡಿದರು. ದಿಂಬಿನ ಪಕ್ಕದ ಲೋಟ ಕೈಗಿಟ್ಟರು. ಮುಳುಗಿಸಿ, ಗೆರೆ ದಾಟಿಸಿ ಕಂಠಮಟ್ಟ ತುಂಬಿದೆ. ತಲೆ ಎತ್ತಿ ಹಿಡಿದು ಕುಡಿಸಿದೆ. ಒಂದು ಕೆನ್ನೆಯೂ ತುಂಬಲಿಲ್ಲ. ಅರ್ಧ ತುಟಿಯಂಚಿನಿಂದ ಇಳಿಯಿತು.

"ಸಾಕು" ಎಂದರು. "ಉಳಿದಿದ್ದು?"

"ಅದೂ ನಿಮ್ಮದೇ."

ಸ್ವಲ್ಪ ಪಕ್ಕಕ್ಕೆ ತಿರುಗಿಸು ಎಂದು ಸನ್ನೆ ಮಾಡಿದರು. ತಿರುಗಿಸಿದೆ. ಎರಡೂ ಕೈಯನ್ನು ಮಣಿಕಟ್ಟಿನವರೆಗೆ ಬೋಗುಣಿಯಲ್ಲಿ ಇಳಿಬಿಟ್ಟರು. ಬೆರಳು ನಿಧಾನಕ್ಕೆ ಬಿಚ್ಚಿಕೊಂಡವು. ಕಣ್ಣು ಮುಚ್ಚಿ, "ಟ್ಯಾಂಕರ್ ಫುಲ್ ಇದೆ ಇನ್ಸ್‌ಪೆಕ್ಟ್ರಮ್ಮ, ಹೊರಡೋಣ" ಎಂದರು. ನಾನೂ ನನ್ನ ಕೈಗಳನ್ನು ಇಳಿಸಿ ಅವರ ಬೆರಳು ಹಿಡಿದುಕೊಂಡೆ. ನೀರು ಅಂಚು ದಾಟಿ ಹಾಸಿಗೆಯ ಮೇಲೆ, ನನ್ನ ಸೀರೆಯ ಮೇಲೆ, ನೆಲದ ಮೇಲೆ ಚೆಲ್ಲುತ್ತಲೇ ಇತ್ತು. ನಾದಿನಿ ಎದ್ದು ಬಂದು ಬಾಗಿಲಲ್ಲಿ ನಿಂತಳು. ನೀರು ನಮ್ಮ ಕೈಯಷ್ಟೇ ಬೆಚ್ಚಗಾಗುವವರೆಗೆ ಹಾಗೆಯೇ ಇದ್ದೆವು.

ಜೂನ್ 19

ಬೆಳಗ್ಗೆ ಹೋದರು. ಸುಮಾರು ಆರು ಗಂಟೆ.

ಜುಲೈ 6, ಸೋಮವಾರ

ಸಂಪಾದಕರು ಪಟ್ಟಿ ತೆಗೆದುಕೊಂಡು ಹೋಗಲು ಬಂದಿದ್ದರು. ತಡವಾಯಿತು ಎಂದು ನಾನೇ ಹೇಳಿ ಕಳಿಸಿದ್ದೆ. ಇವರ ಕುರ್ಚಿಯಲ್ಲಿ ಕೂರಲು ಹಿಂಜರಿದು ಬೆಂಚಿನ ತುದಿಯಲ್ಲಿ ಕೂತರು. ಕನ್ನಡಕ ಏರಿಸಿ ಹಾಳೆ ನೋಡಿದರು. ಕೆಳಗಿನವರೆಗೂ ಬೆರಳಿಟ್ಟು ಓದಿ, ಮತ್ತೆ ಮೇಲಿನಿಂದ ಓದಿದರು.

"ಮೇಡಂ, ಎಲ್ಲಾ ಸಾಲಿಗೂ 'ಸುಮಾರು' ಅಂತ ಹಾಕಿದೀರಿ. ಲೋಗ್, ಸುಮಾರು ಮೂರನೇ ಒಂದು ಲೀಟರ್. ಮೂರು ದಶಮಾಂಶ ಇತ್ತಲ್ಲ ಮೊದಲು?"

ಇಣುಕಿ ನೋಡಿದೆ. ಹೌದು, ಹಾಗೇ ಇದೆ. ಬರೆಯುವಾಗ ಗಮನಿಸಿರಲಿಲ್ಲ. ಒಡೆದ ಕೊಡಗಳಲ್ಲವೇ, ಅಷ್ಟೇ ಹೇಳಲು ಬರುವುದು ಎಂದೆ.

"ಇದೊಂದು ಖಾಲಿ ಇದೆ. ಕೆನ್ನೆ ತುಂಬ ಅನ್ನೋದು."

ಪೆನ್ನು ತೆಗೆದುಕೊಂಡೆ. 52 ಎಂದು ಬರೆಯಲು ಕೈ ಹೋಯಿತು. ಅದು ಮಾರ್ಚ್ ತಿಂಗಳ ಮಾತು. 'ಕುಡಿಯುವವರ ಬಾಯಿ ಹಿಡಿಯುವಷ್ಟು' ಎಂದು ಬರೆದು ಕೊಟ್ಟೆ. ಅವರು ಓದಿಕೊಂಡು ಹಾಳೆಯನ್ನು ಚೀಲದಲ್ಲಿಟ್ಟರು. ಬಿಸಿಲಲ್ಲಿ ನಡೆದು ಬಂದಿದ್ದರು, ನೀರು ಕೇಳಿದರು.

ಕೈಗೆ ಸಿಕ್ಕಿದ್ದು ಆ ಲೋಟವೇ. ತುಂಬಿಸಿ ಕೊಟ್ಟೆ. ಹಾಲಿನಂಗಡಿಯವರ ಮಗ ಅಲ್ಲವೇ, ಲೋಟ ಹಿಡಿದ ಕೂಡಲೇ ಹೆಬ್ಬೆರಳು ತನ್ನಷ್ಟಕ್ಕೆ ತಳಕ್ಕೆ ಹೋಯಿತು. ಅಲ್ಲೇ ನಿಂತಿತು. ತಲೆ ಎತ್ತಿ ನನ್ನ ಮುಖ ನೋಡಿದರು. ನಿಧಾನವಾಗಿ ಪೂರ್ತಿ ಕುಡಿದರು.

"ಇನ್ನೂ ಸ್ವಲ್ಪ ಕೊಡಲಾ?" ಎಂದೆ.

"ಕೊಡಿ ಮೇಡಂ" ಎಂದು ಲೋಟ ಚಾಚಿದರು. ಹೊಯ್ದೆ.